ಹಗುರ ರಿವಾಲ್ವರ್ ಕೊಳ್ಳುವ ಮುನ್ನ ಐದನೇ ತೋಟಾ ಅಳೆಯಿರಿ

ಅಮೆರಿಕದಲ್ಲಿ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಗಿಡ್ಡ ನಳಿಗೆಯ ರಿವಾಲ್ವರ್ ಹುಡುಕುವವರು ಮೊದಲು ತೂಕಕ್ಕೆ ಮರುಳಾಗುತ್ತಾರೆ. ಸ್ಮಿತ್ ಅಂಡ್ ವೆಸನ್ 642 ಸುಮಾರು 408 ಗ್ರಾಂ, ರೂಗರ್ ಎಲ್‌ಸಿಆರ್ ಸುಮಾರು 383 ಗ್ರಾಂ. ಉಕ್ಕಿನ ಸ್ಮಿತ್ 640 ಆದರೆ 600 ಗ್ರಾಂ ದಾಟುತ್ತದೆ. ಜೇಬಿಗೆ ಹಗುರವಾದದ್ದೇ ಹಾರಿಸುವಾಗ ಕೈಗೆ ಹೆಚ್ಚು ಒದೆಯುತ್ತದೆ. ಒದೆತಕ್ಕೆ ಹೆದರಿ ಅಭ್ಯಾಸ ಬಿಟ್ಟರೆ ಉಳಿಸಿದ 200 ಗ್ರಾಂ ದಂಡ.

ಮೊದಲು ಕಾನೂನು. ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ಕನ್ನಡಿಗರು, ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ, ಅಲ್ಲಿ ಬಂದೂಕು ಮುಟ್ಟುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ. ಆದರೆ ಮರೆಯಲ್ಲಿ ಒಯ್ಯುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ತೋಟಾ .38 ಸ್ಪೆಷಲ್ ಸಾಕು. ಇಷ್ಟು ಹಗುರದ್ದರಲ್ಲಿ ಅದಕ್ಕಿಂತ ಜೋರಿನ .357 ಮ್ಯಾಗ್ನಮ್ ಬೇಡವೇ ಬೇಡ. ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಒಳಗೇ ಅಡಗಿರುವ ಮಾದರಿ ಆರಿಸಿ, ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ.

ಅಂಗಡಿಯಲ್ಲಿ ಸಿಲಿಂಡರ್ (ತೋಟಾ ತುಂಬುವ ತಿರುಗುವ ಉರುಳೆ) ತೆರೆದು ಐದೂ ಕುಳಿ ಖಾಲಿ ಇವೆಯೇ ಎಂದು ಎರಡು ಸಲ ನೋಡಿ. ನಳಿಗೆ ಯಾರ ಕಡೆಗೂ ತಿರುಗಬಾರದು. ಮಾಲೀಕರ ಒಪ್ಪಿಗೆ ಪಡೆದು ಟ್ರಿಗರನ್ನು ನಿಧಾನಕ್ಕೆ ಎಳೆಯಿರಿ. ಇದು ಬಿಗಿ, ಐದು ಕಿಲೋ ಆಸುಪಾಸು. ಗುರಿ ಅಲುಗಾಡದೆ ಹತ್ತು ಸಲ ಎಳೆಯಲಾಗದಿದ್ದರೆ ಅದು ನಿಮ್ಮ ಕೈಯದಲ್ಲ.

ನಿಜವಾದ ಪರೀಕ್ಷೆ ಗುಂಡು ಹಾರಿಸುವ ರೇಂಜಿನಲ್ಲಿ. ಬಾಡಿಗೆಗೆ ಸಿಕ್ಕರೆ ಬಿಡಬೇಡಿ. ಒಂದು ತೋಟಾದ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದಿಟ್ಟು, ಕೊನೆಗೆ ಸಿಡಿಯುವ ಕುಳಿಯಲ್ಲಿಡಿ. ನಾಲ್ಕು ಹಾರಿಸಿ, ಆ ಐದನೆಯದನ್ನು ಹೊರತೆಗೆದು ಮತ್ತೆ ಅಳೆಯಿರಿ. ಪ್ರತಿ ಒದೆತಕ್ಕೂ ತೋಟಾದ ಲೋಹದ ಕೊಳವೆ ಹಿಂದಕ್ಕೆ ಜಗ್ಗುತ್ತದೆ, ಸಡಿಲ ಗುಂಡು ಮುಂದಕ್ಕೆ ಜರುಗುತ್ತದೆ; ಸಿಲಿಂಡರಿನಿಂದ ಆಚೆ ಚಾಚಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ಉದ್ದ ಬೆಳೆದಿದ್ದರೆ ಆ ಬಗೆಯ ತೋಟಾ ಬೇಡ. ಒದೆತ ಸಹಿಸಲಾಗದವರಿಗೆ 148 ಗ್ರೇನ್ (ಸುಮಾರು 9.6 ಗ್ರಾಂ) ತೂಕದ ಚಪ್ಪಟೆ ಮೂತಿಯ ಗುಂಡು, ಅಂದರೆ ವಾಡ್‌ಕಟರ್, ಒಳ್ಳೆಯದು.

ಖಾಲಿ ಕೊಳವೆ ತೆಗೆಯುವಾಗ ನಳಿಗೆ ಮೇಲಕ್ಕೆ ಹಿಡಿದು, ಕೊಳವೆಗಳನ್ನು ಹೊರದೂಡುವ ಎಜೆಕ್ಟರ್ ಕಡ್ಡಿಗೆ ಅಂಗೈಯಿಂದ ಒಮ್ಮೆ ಜೋರಾಗಿ ಬಡಿಯಿರಿ. ಕಡ್ಡಿ ಗಿಡ್ಡ. ಮೆಲ್ಲಗೆ ಒತ್ತಿದರೆ ಕೊಳವೆ ಅರ್ಧಕ್ಕೆ ನಿಲ್ಲುತ್ತದೆ, ಒಂದು ಕೊಳವೆ ಕಡ್ಡಿ ತುದಿಯ ನಕ್ಷತ್ರದಾಕಾರದ ತಟ್ಟೆಯಡಿ ನುಸುಳಿತೆಂದರೆ ಬಿಡಿಸಲು ಉಗುರು ಸವೆಸಬೇಕು.

ಜೇಬಿನಲ್ಲಿಟ್ಟರೆ ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಕಡ್ಡಾಯ. ಅದೇ ಜೇಬಿಗೆ ಕೀ, ಚಿಲ್ಲರೆ ಹಾಕಬೇಡಿ. ವಾರಕ್ಕೊಮ್ಮೆ ಖಾಲಿ ಮಾಡಿ ನಳಿಗೆಯ ಬಾಯಿ, ಸಿಲಿಂಡರಿನ ಸಂದು ನೋಡಿ: ಜೇಬಿನ ನೂಲಿನ ಜುಂಗು ಅಲ್ಲೇ ಸೇರಿಕೊಂಡಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ.