ಮೆಟ್ಟಿಲ ಲೈಟು: ಸ್ವಿಚ್ ಹೊಸದು, ತೊಂದರೆ ಹಳೆಯದು

ಸ್ವಿಚ್ ಬದಲಾಯಿಸಿದ ಮೇಲೆ ಲೈಟು ಸರಿಯಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಜೊತೆಗೆ ಮತ್ತೇನು ಬದಲಾಯಿಸಿದಿರಿ ಅಂತ. ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆಯಿಂದ ಮಳೆಗಾಲದಲ್ಲಿ ಕರೆ ಬಂದಾಗಲೂ ಕೇಳಿದೆ. "ಸ್ವಿಚ್ ಒಂದೇ ಮಾರಾಯಾ, ಬೇರೆಂತದೂ ಮುಟ್ಟಲಿಲ್ಲ" ಅಂದರು ಗೌಡರು. ಹಿಂದಿನಿಂದ ಅಮ್ಮನ ದನಿ: "ಬಲ್ಬೂ ಹೊಸದೇ ಅಲ್ದಾ?" 60 ವ್ಯಾಟಿನ ಬುರುಡೆ ಬಲ್ಬು ತೆಗೆದು ಎಲ್‌ಇಡಿ ಹಾಕಿದ್ದರು.

ಉಪ್ಪರಿಗೆ ಮೆಟ್ಟಿಲಿನ ಲೈಟಿಗೆ ಕೆಳಗೊಂದು, ಮೇಲೊಂದು ಟೂ ವೇ ಸ್ವಿಚ್. ಮೇಲಿನದನ್ನು ಬದಲಾಯಿಸಿದ ಮೇಲೆ, ಕೆಳಗಿನ ಸ್ವಿಚ್ ಒಂದು ಕಡೆ ಇದ್ದರೆ ಮಾತ್ರ ಮೇಲಿನದು ಕೆಲಸ ಮಾಡುತ್ತಿತ್ತು. ಕೆಳಗೆ ಯಾರಾದರೂ ಒತ್ತಿಬಿಟ್ಟರೆ ಮೇಲಿದ್ದವರು ಕತ್ತಲಲ್ಲೇ ಇಳಿಯಬೇಕು. ಇನ್ನೊಂದು, ಆರಿಸಿದರೂ ಎಲ್‌ಇಡಿ ರಾತ್ರಿಯಿಡೀ ಮಿಣುಕುತ್ತಿತ್ತು, ಜಡಿಮಳೆಯ ದಿನ ತುಸು ಹೆಚ್ಚೇ.

ಮೊದಲನೆಯದು ಎಲ್ಲ ಕಡೆ ಸಿಗುವಂಥದ್ದು. ಟೂ ವೇ ಸ್ವಿಚ್ಚಿನ ಮೂರು ಸ್ಕ್ರೂಗಳಲ್ಲಿ ಒಂದು ಕಾಮನ್, ಸ್ವಿಚ್ ಒತ್ತಿದಂತೆ ಉಳಿದೆರಡರಲ್ಲಿ ಒಮ್ಮೆ ಒಂದಕ್ಕೆ, ಒಮ್ಮೆ ಇನ್ನೊಂದಕ್ಕೆ ಕೂಡಿಕೊಳ್ಳುವಂಥದ್ದು. ಈಗಿನ ಮಾಡ್ಯುಲರ್ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ನಡುವಿನದೇ ಕಾಮನ್, ಹಳೆಯವುಗಳಲ್ಲಿ ಹಾಗೇ ಇರುತ್ತದೆ ಅನ್ನುವಂತಿಲ್ಲ. ಹಾಗಾಗಿ ಹಳೆಯದರಲ್ಲಿ ಇದ್ದ ಜಾಗ ನೋಡಿ ಹಾಗೇ ಸಿಕ್ಕಿಸಿದರೆ ವಯರು ಅದಲುಬದಲಾಗುತ್ತದೆ. ಕೈಯಲ್ಲಿ ಹಿಡಿದ ಸ್ವಿಚ್ಚಿಗೆ ಮಲ್ಟಿಮೀಟರ್ ಬೀಪ್ ಇಟ್ಟು ನೋಡಿದರೆ, ಎರಡೂ ಕಡೆ ಒತ್ತಿದಾಗ ಯಾವ ಸ್ಕ್ರೂ ಬೀಪಿನಲ್ಲಿ ಇದ್ದೇ ಇರುತ್ತದೋ ಅದೇ ಕಾಮನ್.

ಮೇನ್ ಇಳಿಸಿದೆ, ಯುಪಿಎಸ್ಸನ್ನೂ ಆರಿಸಿದೆ. ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂರುವ ಮನೆ ನಮ್ಮಲ್ಲಿಲ್ಲ. ಮೇನ್ ಇಳಿಸಿದ ಮೇಲೂ ಲೈಟಿನ ಲೈನಿನಲ್ಲಿ ಯುಪಿಎಸ್‌ನ 230 ವೋಲ್ಟ್ ಇರುತ್ತದೆ ಅನ್ನೋದು ಸ್ವಂತ ಕೈಯಿಂದ ಸ್ವಿಚ್ ಹಾಕುವವರಿಗೆ ಹೊಳೆಯುವುದೇ ಇಲ್ಲ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಇರುವೆಮಣ್ಣು, ವಯರಿನ ತುದಿಗೆ ಹಸಿರು ಕಿಲುಬು, ಮೂರಕ್ಕೆ ಮೂರೂ ಕೆಂಪು ವಯರು. ಕಿಲುಬು ಹಿಡಿದ ತುದಿ ಕತ್ತರಿಸಿ ಹೊಸದಾಗಿ ಸುಲಿದು, ಮೂರನ್ನೂ ದೂರದೂರ ಬಿಡಿಸಿಟ್ಟು ಕರೆಂಟು ಕೊಟ್ಟೆ.

ಮೇಲಿನ ಪೆಟ್ಟಿಗೆಯಲ್ಲಿ ನಾನು ಕಾಣಬೇಕಾದ್ದು ಇಷ್ಟು: ಕೆಳಗಿನ ಸ್ವಿಚ್ ಅತ್ತಿತ್ತ ಮಾಡಿದಂತೆ ಎರಡು ವಯರಿಗೆ ಸರದಿಯಲ್ಲಿ ಫೇಸ್, ಅಂದರೆ ಕರೆಂಟು ಹೊತ್ತು ತರುವ ಲೈನು, ಬರಬೇಕು, ಬಲ್ಬಿಗೆ ಹೋಗುವ ಮೂರನೆಯದರಲ್ಲಿ ಎಂದೂ ಬರಬಾರದು. ಕಂಡದ್ದು ಉಲ್ಟಾ. ಒಂದು ವಯರಿನಲ್ಲಿ ಟೆಸ್ಟರ್ ಸದಾ ಹತ್ತುತ್ತಿತ್ತು, ಉಳಿದೆರಡು ತಣ್ಣಗೆ. ಕೆಳಗಿನ ಸ್ವಿಚ್ ಹೇಗೆ ಒತ್ತಿದರೂ ವ್ಯತ್ಯಾಸವಿಲ್ಲ. ಹೋಲ್ಡರಿನಿಂದ ಬಲ್ಬು ತೆಗೆಸಿದೆ. ಆ ವಯರೂ ಆರಿತು. ಅಂದರೆ ಫೇಸ್ ನೇರ ಹೋಲ್ಡರಿಗೆ ಹೋಗಿ, ಬಲ್ಬಿನೊಳಗಿಂದ ಹಾದು ಇಲ್ಲಿಗೆ ಬರುತ್ತಿದೆ. ಸ್ವಿಚ್ ಕತ್ತರಿಸುತ್ತಿರುವುದು ಫೇಸನ್ನಲ್ಲ, ಕರೆಂಟು ವಾಪಸು ಹೋಗುವ ನ್ಯೂಟ್ರಲ್ಲನ್ನು!

ಮಿಣುಕಿನ ಕಾರಣವೂ ಅಲ್ಲೇ ಸಿಕ್ಕಿತು. ಆರಿಸಿದರೂ ಬಲ್ಬಿನಲ್ಲಿ ಫೇಸ್ ನಿಂತೇ ಇರುತ್ತದೆ, ಪಸೆ ಹಿಡಿದ ಗೋಡೆಯ ಮೂಲಕ ಚೂರುಪಾರು ಸೋರುತ್ತದೆ. ಅಷ್ಟು ಸೋರಿಕೆಯಲ್ಲಿ ಬುರುಡೆ ಬಲ್ಬಿನ ತಂತಿ ಕೆಂಪಾಗುವುದೂ ಇಲ್ಲ, ಎಲ್‌ಇಡಿಗೆ ಮಾತ್ರ ಅದು ಸಾಕು. ಗೌಡರ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಆ ಮನೆಯಲ್ಲಿ ಎಷ್ಟೋ ವರ್ಷದಿಂದ, ಸ್ವಿಚ್ ಆರಿಸಿ ಬಲ್ಬು ಬದಲಾಯಿಸಿದವರೆಲ್ಲ ಫೇಸಿನ ಪಕ್ಕದಲ್ಲೇ ಕೈಯಿಟ್ಟಿದ್ದಾರೆ. ಮಿಣುಕು ನಿಲ್ಲಿಸಲು ಬಲ್ಬಿಗೆ ಕೆಪಾಸಿಟರ್ ಕಟ್ಟುವವರಿದ್ದಾರೆ. ಇಂಥ ಕಡೆ ನನಗದು ಒಪ್ಪಿಗೆಯಿಲ್ಲ, ತಪ್ಪಿದೆ ಅಂತ ತೋರಿಸುತ್ತಿದ್ದ ಒಂದು ಗುರುತೂ ಹೋಗುತ್ತದೆ.

ಅಟ್ಟದ ಜಂಕ್ಷನ್ ಪೆಟ್ಟಿಗೆಯಲ್ಲಿ ಉಪ್ಪರಿಗೆ ಲೈನಿನ ಫೇಸೂ ನ್ಯೂಟ್ರಲ್ಲೂ ಅದಲುಬದಲಾಗಿದ್ದವು. ಮತ್ತೆ ಎಲ್ಲ ಇಳಿಸಿ ಅವನ್ನು ಬದಲಿಸಿದೆ, ಮೇಲಿನ ಸ್ವಿಚ್ಚಿನ ಕಾಮನ್ನಿಗೆ ಬಲ್ಬಿನ ವಯರು ಕೊಟ್ಟು ಅದಕ್ಕೆ ಹಳದಿ ಟೇಪು ಸುತ್ತಿದೆ. ಎರಡೂ ಕಡೆಯಿಂದ ಹತ್ತಿತು, ಆರಿಸಿದರೆ ಪೂರ್ತಿ ಆರಿತು. ಅದೇ ಪೆಟ್ಟಿಗೆಯಿಂದ ಹೋಗುವ ಕೋಣೆಯ ಪ್ಲಗ್ಗಿನಲ್ಲಿ ಎದುರು ನಿಂತಾಗ ಬಲಗಡೆ ಬರಬೇಕಾದ ಫೇಸ್ ಎಡಕ್ಕಿತ್ತು, ಈಗ ಅದೂ ಬಲಕ್ಕೆ ಬಂತು. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಒಂದು ಹಾಕಿಸಿ ಅಂದೆ. "ಅಡಿಕೆ ಕೊಯ್ಲು ಮುಗೀಲಿ ಮಾರಾಯಾ" ಅಂದರು.