ದರ್ಶಿನಿಯ ತಿಂಡಿಪಟ್ಟಿ ಇಳಿಸುವುದು ಹೇಗೆ?

ವ್ಯಾಪಾರ ತುಸು ಇಳಿದರೆ ಸಾಕು, ಬೋರ್ಡಿಗೆ ಇನ್ನೆರಡು ತಿಂಡಿ ಸೇರಿಸುವುದು ಹೋಟೆಲಿನವರ ಅಭ್ಯಾಸ. ಮೂವತ್ತಿದ್ದ ಪಟ್ಟಿ ಎಪ್ಪತ್ತಾಗುತ್ತದೆ, ಇಡ್ಲಿ ಮಾತ್ರ ಗಟ್ಟಿಯಾಗುತ್ತದೆ. ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಹೆಸರಾದದ್ದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮತ್ತು ಕಾಫಿಯಿಂದ. ಅಲ್ಲಿ ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ಅಷ್ಟು ಕಡಿಮೆ ಎಲ್ಲರಿಗೂ ಆಗದು. ಇಪ್ಪತ್ತಕ್ಕೆ ಇಳಿಸುವುದು ಯಾರಿಗಾದರೂ ಆಗುತ್ತದೆ.

1. ಒಂದು ತಿಂಗಳ ಬಿಲ್ಲುಗಳಿಂದ ಯಾವ ತಿಂಡಿ ಎಷ್ಟು ಹೋಯಿತು ಎಂದು ಬರೆಯಿರಿ. ರಶ್ ಹೊತ್ತಾದ ಬೆಳಗಿನ ಎಂಟರಿಂದ ಹತ್ತರ ಲೆಕ್ಕ ಬೇರೆ ಇರಲಿ.

2. ದಿನಕ್ಕೆ ಐದು ಪ್ಲೇಟೂ ಹೋಗದ್ದನ್ನು ಯೋಚಿಸದೆ ಹೊಡೆದುಹಾಕಿ.

3. ಎಲ್ಲರೂ ಎಡವುವುದು ಇಲ್ಲಿ. ಬೆಲೆ ಜಾಸ್ತಿ ಇರುವ ತಿಂಡಿಯೇ ಲಾಭದ್ದು ಎಂದುಕೊಂಡು ಅದನ್ನು ಉಳಿಸಿಕೊಳ್ಳುತ್ತಾರೆ. ರಶ್ ಹೊತ್ತಿನಲ್ಲಿ ನೀವು ಮಾರುತ್ತಿರುವುದು ಕಾವಲಿಯ ಜಾಗವನ್ನು. ಮಸಾಲೆ ದೋಸೆ 70 ರೂಪಾಯಿ, ಸಾಮಾನಿನ ಖರ್ಚು 22, ಕಾವಲಿಯ ಮೇಲೆ 4 ನಿಮಿಷ ಎಂದಿಟ್ಟುಕೊಳ್ಳಿ: ನಿಮಿಷಕ್ಕೆ 12 ರೂಪಾಯಿ ಉಳಿಯಿತು. ಚೀಸ್ ಪನೀರ್ ದೋಸೆ 130, ಖರ್ಚು 60, ಸಮಯ 7 ನಿಮಿಷ: ನಿಮಿಷಕ್ಕೆ 10. ಇಷ್ಟಕ್ಕೇ ಮುಗಿಯದು. ಕರಗಿದ ಚೀಸ್ ಕಾವಲಿಗೆ ಹಿಡಿಯುತ್ತದೆ, ಮುಂದಿನ ದೋಸೆ ಏಳುವುದಿಲ್ಲ. ಭಟ್ಟರು ನೀರು ಚಿಮುಕಿಸಿ ಪೊರಕೆ ಆಡಿಸಬೇಕು, ಕಾವಲಿ ತಣ್ಣಗಾಗುತ್ತದೆ, ನಂತರದ ಸುತ್ತು ಬೆಳ್ಳಗೆ ಉಳಿಯುತ್ತದೆ. ಚೀಸ್ ದೋಸೆಯನ್ನು ತೆಗೆಯಿರಿ, ಬೇಕೇ ಬೇಕೆಂದರೆ ಸಂಜೆ ನಾಲ್ಕರ ಮೇಲೆ ಮಾತ್ರ ಕೊಡಿ.

ಆಮೇಲೆ ಹಿಟ್ಟುಗಳನ್ನು ಎಣಿಸಿ. ಸಾದಾ, ಮಸಾಲೆ, ಈರುಳ್ಳಿ ದೋಸೆ ಮೂರಕ್ಕೂ ಒಂದೇ ಹಿಟ್ಟು ಸಾಕು. ಸೆಟ್ ದೋಸೆಗೆ ಅವಲಕ್ಕಿ ಹಾಕಿ ಬೇರೆಯೇ ರುಬ್ಬಬೇಕು. ಒಂದು ಗ್ರೈಂಡರ್ ತುಂಬ ರುಬ್ಬಿದ್ದು ಅಂದೇ ಖರ್ಚಾಗದಿದ್ದರೆ ಸೆಟ್ ದೋಸೆ ಬೇಡ. ಹುಳಿ ಬಂದ ಹಿಟ್ಟಿಗೆ ಮರುದಿನ ಸೋಡಾ ಹಾಕಿ ಸಾಗಿಸುವ ಉಪಾಯ ಕೆಟ್ಟದ್ದು: ಹೆಚ್ಚಾದ ಸೋಡಾ ದೋಸೆಗೆ ಸೋಪಿನ ರುಚಿ ಕೊಡುತ್ತದೆ.

ಉತ್ತರ ಭಾರತದ ಗ್ರೇವಿಗಳನ್ನು ಪೂರ್ತಿ ಬಿಡಿ. ಹತ್ತು ಹೆಸರಿನ ಕರಿಗಳಿಗೆ ಒಂದೇ ರೆಡಿ ಗ್ರೇವಿ ಪುಡಿ ಕಲಸಿದರೆ ಎಲ್ಲದರ ರುಚಿಯೂ ಒಂದೇ.

4. ಅನ್ನದ ತಿಂಡಿ ದಿನಕ್ಕೊಂದೇ: ಸೋಮವಾರ ಪುಳಿಯೋಗರೆ, ಮಂಗಳವಾರ ಪಲಾವ್, ಹೀಗೆ. ವಾರಕ್ಕೆ ಏಳು ಬಗೆ ಸಿಕ್ಕಿತು, ಪಾತ್ರೆ ಒಂದೇ.

5. ಬೋರ್ಡು ಬರೆಸಲು ಅವಸರ ಬೇಡ. ತೆಗೆದ ಹೆಸರಿನ ಮೇಲೆ ಕಾಗದ ಅಂಟಿಸಿ ಹದಿನೈದು ದಿನ ನೋಡಿ. ಕ್ಯಾಶಿನಲ್ಲಿ ಕೂತವರು ತೆಗೆದ ಪ್ರತಿ ತಿಂಡಿಗೂ ಎರಡು ಸಾಲು ಗೆರೆ ಹಾಕಲಿ: ಕೇಳಿ ಬೇರೆ ತಿಂಡಿ ತೆಗೆದುಕೊಂಡವರು, ಕೇಳಿ ಹಾಗೇ ಹೊರಟವರು. ಎರಡನೇ ಸಾಲು ದಿನಕ್ಕೆ ಐದು ದಾಟಿದ ತಿಂಡಿಯ ಮೇಲಿನ ಕಾಗದ ಮಾತ್ರ ಕೀಳಿರಿ.