15 ಅಕ್ಷರಗಳ ಪದವನ್ನು ಬಿಡಿಸಿ ಓದಿದ್ದು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ತರಬೇತಿಗೆ ಸೇರಿದ ನನಗೆ ಮೊದಲ ವಾರವೇ ಎದುರಾದ ಪದ ‘ಕೋಲಿಸಿಸ್ಟೆಕ್ಟಮಿ’. ಇಂಗ್ಲಿಷಿನಲ್ಲಿ ಅದಕ್ಕೆ 15 ಅಕ್ಷರಗಳು. ಆರಂಭದ ಸಿ, ಎಚ್ ನೋಡಿ ‘ಚೋಲೆ’ ಎಂದು ಓದಿದಾಗ ತರಗತಿಯೆಲ್ಲ ನಕ್ಕಿತ್ತು. ಗ್ರೀಕ್ ಮೂಲದ ಪದಗಳಲ್ಲಿ ಆ ಜೋಡಿ ಸಾಮಾನ್ಯವಾಗಿ ‘ಕ’ಕಾರವಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಕಂಠಪಾಠ ಮಾಡಿದ್ದು ಮೂರು ದಿನವೂ ನಿಲ್ಲಲಿಲ್ಲ. ಕೊನೆಗೆ ಶಾಲೆಯ ವ್ಯಾಕರಣದ ‘ಬಿಡಿಸಿ ಬರೆಯಿರಿ’ ನೆನಪಾಗಿ, ಪ್ರತಿ ಪದವನ್ನೂ ಎರಡು ಸಾಲುಗಳಲ್ಲಿ ಬರೆಯತೊಡಗಿದೆ. ಮೇಲಿನ ಸಾಲು ನಾಲಿಗೆಗೆ: ಕೋ–ಲಿ–ಸಿಸ್–ಟೆಕ್–ಟ–ಮಿ, ಒತ್ತು ‘ಟೆಕ್’ ಮೇಲೆ. ಕೆಳಗಿನ ಸಾಲು ಅರ್ಥಕ್ಕೆ: ಕೋಲಿ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು, ಅಂದರೆ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಈ ಎರಡು ಸಾಲುಗಳ ಗೆರೆಗಳು ಒಂದರ ಕೆಳಗೊಂದು ಕೂರದಿದ್ದುದು ನನ್ನನ್ನು ಬಹಳ ದಿನ ಕಾಡಿತು. ‘ಟ’ಕಾರವು ಅರ್ಥದಲ್ಲಿ ಸಿಸ್ಟ್‌ಗೆ ಸೇರಿದ್ದರೂ ನುಡಿಯುವಾಗ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತಿತ್ತು. ‘ಊರಲ್ಲಿ’ ಎಂಬುದನ್ನು ಊರು, ಅಲ್ಲಿ ಎಂದು ಬಿಡಿಸುವ ನಾವೇ ಬಾಯಲ್ಲಿ ಊ–ರಲ್–ಲಿ ಎನ್ನುತ್ತೇವಲ್ಲ ಎಂದು ಹೊಳೆದ ಮೇಲೆ ಆ ಗೊಂದಲ ತೀರಿತು.

ಲೋಪಸಂಧಿಯ ಪಾಠವೂ ಇಲ್ಲಿ ಕೈಹಿಡಿಯಿತು. ಜಠರವನ್ನು ಸೂಚಿಸುವ ‘ಗ್ಯಾಸ್ಟ್ರೋ’ದ ಮುಂದೆ ಉರಿಯೂತದ ‘ಐಟಿಸ್’ ಪ್ರತ್ಯಯ ಬಂದರೆ ಓಕಾರ ಬಿದ್ದುಹೋಗಿ ‘ಗ್ಯಾಸ್ಟ್ರೈಟಿಸ್’ ಆಗುತ್ತದೆ. ಆದರೆ ಮುಂದೆ ಬರುವುದು ಪ್ರತ್ಯಯವಾಗಿರದೆ ಇನ್ನೊಂದು ಧಾತುವಾಗಿದ್ದರೆ, ಅದು ಸ್ವರದಿಂದಲೇ ಆರಂಭವಾದರೂ ಓಕಾರ ಉಳಿಯುತ್ತದೆ. ಕರುಳು ಎಂಬರ್ಥದ ‘ಎಂಟರ್’ ಸೇರಿದ ‘ಗ್ಯಾಸ್ಟ್ರೋಎಂಟರೈಟಿಸ್’ ಹೀಗೆ ಆದದ್ದು. ಆಮೇಲೆ ಬಾಲಗಳನ್ನು ಗುರುತಿಸುವುದು ಸುಲಭವಾಯಿತು: ‘ಎಕ್ಟಮಿ’ ತೆಗೆದರೆ, ‘ಆಟಮಿ’ ಸೀಳುತ್ತದೆ, ‘ಆಸ್ಟಮಿ’ ದ್ವಾರ ಮಾಡುತ್ತದೆ.

ಕನ್ನಡ ಲಿಪಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವ ನನ್ನ ಅಭ್ಯಾಸ ಒಂದು ಕಡೆ ಮಾತ್ರ ಕೈಕೊಟ್ಟಿತು. ಹೆರಿಗೆಗೆ ಮುನ್ನಿನ ಆರೈಕೆಯ ‘ಆಂಟಿನೇಟಲ್’ನಲ್ಲಿರುವ ‘ಆಂಟಿ’ಯೂ ವಿರುದ್ಧ ಎಂಬರ್ಥದ ‘ಆಂಟಿ’ಯೂ ನನ್ನ ಪುಸ್ತಕದಲ್ಲಿ ಒಂದೇ ರೂಪದಲ್ಲಿದ್ದವು. ಇಂಗ್ಲಿಷಿನಲ್ಲಿ ಮೊದಲನೆಯದು ‘ಇ’ ಅಕ್ಷರದಿಂದ, ಎರಡನೆಯದು ‘ಐ’ ಅಕ್ಷರದಿಂದ ಮುಗಿಯುತ್ತದೆ ಎಂಬುದನ್ನು ಗಮನಿಸದೆ, ಪರೀಕ್ಷೆಯಲ್ಲಿ ಗರ್ಭಿಣಿಯ ತಪಾಸಣೆಯನ್ನು ನಾನು ಜನನವಿರೋಧಿಯಾಗಿಸಿದ್ದೆ. ಅಂದಿನಿಂದ ಆ ಪದದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಮುನ್ನ’ ಎಂದು ಬರೆದಿಡುತ್ತೇನೆ.